ಎರಡನೇ ಸಂಬಳ

"ಅಜ್ಜ, ಅಪ್ಪನ ಕಾರಲ್ಲಿ ಪಿಜ್ಜಾ ವಾಸನೆ ಬರತ್ತೆ. ಆದ್ರೆ ಪಿಜ್ಜಾ ಮಾತ್ರ ಇರಲ್ಲ!"

ಆರು ವರ್ಷದ ಮೊಮ್ಮಗ ಹೀಗೆಂದು ನಕ್ಕಾಗ ನಾನೂ ನಕ್ಕೆ. 2022ರ ಡಿಸೆಂಬರ್. ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಮಗನ ಮನೆಗೆ ನಾನೂ ನನ್ನ ಹೆಂಡತಿಯೂ ಬಂದು ಮೂರು ವಾರವಾಗಿತ್ತು. ಅಂದು ಓಕ್ ಟ್ರೀ ರಸ್ತೆಗೆ ದಿನಸಿ ತರಲು ಹೊರಟಿದ್ದೆವು. ಆ ರಸ್ತೆಯಲ್ಲಿ ನಡೆದರೆ ಅಮೆರಿಕದಲ್ಲಿದ್ದೇವೆ ಅನ್ನಿಸುವುದೇ ಇಲ್ಲ. ಸೀರೆ ಅಂಗಡಿ, ಚಿನ್ನದ ಅಂಗಡಿ, ದೋಸೆ ಹೋಟೆಲು ಎಲ್ಲವೂ ಸಾಲಾಗಿ ಇವೆ. ಮಗ ಮಾತ್ರ ಮೊಮ್ಮಗನ ಮಾತಿಗೆ ನಗಲಿಲ್ಲ. ಕಿಟಕಿಯ ಗಾಜು ಸ್ವಲ್ಪ ಇಳಿಸಿ, ಚಳಿಯಲ್ಲೇ ಕಾರು ಓಡಿಸಿದ.

ಶನಿವಾರ, ಭಾನುವಾರ ಸಂಜೆ ಐದಾದರೆ ಅವನು "ಆಫೀಸಿನ ತುರ್ತು ಕೆಲಸ" ಎಂದು ಹೊರಡುತ್ತಿದ್ದ. ಬರುವುದು ರಾತ್ರಿ ಹನ್ನೊಂದಕ್ಕೆ. ಸಾಫ್ಟ್‌ವೇರ್ ಕೆಲಸವೆಂದರೆ ಹೊತ್ತುಗೊತ್ತು ಇರುವುದಿಲ್ಲ ಎಂದು ಕೇಳಿದ್ದೆ. ಆದರೆ ವಾರವಿಡೀ ಮನೆಯಲ್ಲೇ ಕೂತು ಕೆಲಸ ಮಾಡುವವನು ರಜೆಯ ದಿನ ಮಾತ್ರ ಯಾಕೆ ಹೊರಗೆ ಹೋಗುತ್ತಾನೆ? ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನು ನಾನು. ಲೆಕ್ಕ ತಾಳೆ ಬೀಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆದರೂ ಕೇಳಲಿಲ್ಲ. ಬೆಳೆದ ಮಗ, ಹೆಂಡತಿ ಮಕ್ಕಳಿರುವವನು. ಏನೆಂದು ಕೇಳುವುದು?

ಉತ್ತರ ಜನವರಿ 31ರ ಟಪಾಲಿನಲ್ಲಿ ಬಂತು.

ಅಮೆರಿಕದಲ್ಲಿ ಜನವರಿ ಕೊನೆಯೆಂದರೆ ತೆರಿಗೆ ಕಾಗದಗಳು ಬರುವ ಕಾಲ. ಸಂಬಳ ಕೊಟ್ಟ ಕಂಪನಿ ಹಿಂದಿನ ವರ್ಷದ ಲೆಕ್ಕವನ್ನು ಡಬ್ಲ್ಯು-2 ಎಂಬ ನಮೂನೆಯಲ್ಲಿ ಕಳಿಸುತ್ತದೆ. ನಮ್ಮ ಫಾರಂ 16 ಇದ್ದ ಹಾಗೆ. "ಬಿಕಾಂ ಮಾಡಿದೋರು ಮನೇಲೇ ಇದ್ದೀರಲ್ಲ, ಈ ಸಲ ಕಾಗದಗಳನ್ನೆಲ್ಲ ನೀವೇ ಜೋಡಿಸಿ ಇಡಿ" ಎಂದು ಮಗ ತಮಾಷೆಗೆ ಹೇಳಿದ್ದ. ನಾನು ಅದನ್ನು ಆಜ್ಞೆಯೆಂದೇ ತಿಳಿದು, ಬಂದ ಲಕೋಟೆಗಳನ್ನೆಲ್ಲ ಒಡೆದು ತಾರೀಕಿನ ಪ್ರಕಾರ ಫೈಲು ಮಾಡುತ್ತಿದ್ದೆ. ಅಂದು ಒಡೆದ ಲಕೋಟೆಯಲ್ಲಿ ಡಬ್ಲ್ಯು-2 ಇರಲಿಲ್ಲ. 1099-ಎನ್‌ಇಸಿ ಎಂಬ ಬೇರೆ ನಮೂನೆ ಇತ್ತು. ಸಂಬಳದ ನೌಕರರಲ್ಲದೆ ಸ್ವತಂತ್ರವಾಗಿ ದುಡಿದವರಿಗೆ ಆಗಿನ ನಿಯಮದಂತೆ ವರ್ಷಕ್ಕೆ 600 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಕಳಿಸುತ್ತಿದ್ದ ಕಾಗದ ಅದು. ಕೊಟ್ಟವರು ಮನೆಮನೆಗೆ ಊಟ ತಲುಪಿಸುವ ಒಂದು ಕಂಪನಿ. ಪಡೆದವನು ನನ್ನ ಮಗ. ಮೊತ್ತ 3,180 ಡಾಲರ್.

ಪಿಜ್ಜಾ ವಾಸನೆಯ ಲೆಕ್ಕ ತಾಳೆ ಬಿತ್ತು. ಎದೆ ಮಾತ್ರ ಧಸಕ್ಕೆಂದಿತು.

ಯಾಕೆಂದರೆ ಮಗ ಅಲ್ಲಿರುವುದು ಎಚ್-1ಬಿ ವೀಸಾದ ಮೇಲೆ. ಆ ವೀಸಾ ಬಂದಾಗ ಬೀದಿಗೆಲ್ಲ ಸಿಹಿ ಹಂಚಿದ್ದ ನನಗೆ ಅದರ ಒಳಹೊರಗು ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆಯೇ. ಅದು ಮನುಷ್ಯನಿಗೆ ಕೊಟ್ಟ ಪರವಾನಗಿ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಒಂದು ಕಂಪನಿಯ ಅರ್ಜಿಯ ಮೇಲೆ ನಿಂತದ್ದು. ಇಂಥ ಕಂಪನಿಯಲ್ಲಿ, ಇಂಥ ಕೆಲಸ, ಇಷ್ಟು ಸಂಬಳ ಎಂದು ಬರೆದುಕೊಟ್ಟು ಒಪ್ಪಿಗೆ ಪಡೆದಿರುತ್ತಾರೆ. ಆ ಕೆಲಸ ಬಿಟ್ಟು ಬೇರೆ ಕಡೆ ಒಂದು ಗಂಟೆ ದುಡಿದು ಕೂಲಿ ಪಡೆದರೂ ತಪ್ಪೇ. ಸೋಷಿಯಲ್ ಸೆಕ್ಯುರಿಟಿ ಕಾರ್ಡು ಎಂದು ಅಲ್ಲಿ ಎಲ್ಲರಿಗೂ ಒಂದು ಚೀಟಿ ಕೊಡುತ್ತಾರಲ್ಲ, ಇಂಥವರ ಕಾರ್ಡಿನ ಮೇಲೆ, ಸರ್ಕಾರದ ಅನುಮತಿಯಿದ್ದರೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆ ಎಂದು ಅಚ್ಚಾಗಿರುತ್ತದೆ.

ಆ ರಾತ್ರಿ ಮೊಮ್ಮಗ ಮಲಗಿದ ಮೇಲೆ ಕಾಗದವನ್ನು ಊಟದ ಮೇಜಿನ ಮೇಲಿಟ್ಟೆ. ಮಗ ನೋಡಿದ. ಸೊಸೆಯೂ ನೋಡಿದಳು. ಅವಳ ಮುಖ ನೋಡಿದರೆ ಅವಳಿಗೆ ಗೊತ್ತಿತ್ತು.

"ಯಾವತ್ತಿಂದ?" ಎಂದೆ.

"ಅಕ್ಟೋಬರ್ ಒಂದರಿಂದ."

"ಯಾಕೆ?"

ಅವನು ಬಾಯಿ ಬಿಡಲಿಲ್ಲ. ಸೊಸೆ ಹೇಳಿದಳು. "ಮಾವ, ಬೇಜಾರು ಮಾಡ್ಕೋಬೇಡಿ. ಊರಿನ ಮನೆ ಛಾವಣಿಗೆ ಕಳಿಸಿದ ದುಡ್ಡು ನಮ್ಮ ಹತ್ರ ಇರ್ಲಿಲ್ಲ. ಕ್ರೆಡಿಟ್ ಕಾರ್ಡಿಂದ ತೆಗೆದಿದ್ವಿ. ಬಡ್ಡಿ ಜಾಸ್ತಿ. ಅದನ್ನ ತೀರಿಸೋಕೆ ಅಂತ..."

ಈಗ ಬಾಯಿ ಕಟ್ಟಿದ್ದು ನನ್ನದು.

ಶಿವಮೊಗ್ಗದಲ್ಲಿರುವ ನಮ್ಮದು ಹಳೆಯ ಹಂಚಿನ ಮನೆ. ಆ ವರ್ಷದ ಆಗಸ್ಟ್‌ನಲ್ಲಿ ಮಳೆ ಜೋರು. ಫೋನಿನಲ್ಲಿ ಮಗನ ಹತ್ತಿರ, "ನಡುಮನೇಲಿ ಮೂರು ಬಕೆಟ್ ಇಟ್ಟಿದ್ದೀವಪ್ಪ. ಈ ಮಳೆಗಾಲ ಒಂದು ದಾಟಿದರೆ ಸಾಕು" ಎಂದಿದ್ದೆ. ದುಡ್ಡು ಕೇಳಿರಲಿಲ್ಲ. ಕೇಳದೆಯೇ ಕೇಳುವುದು ನಮ್ಮ ತಲೆಮಾರಿನವರಿಗೆ ಚೆನ್ನಾಗಿ ಬರುತ್ತದೆ. ಹತ್ತು ದಿನದಲ್ಲಿ ಮೂರೂವರೆ ಲಕ್ಷ ನನ್ನ ಖಾತೆಗೆ ಬಂದಿತ್ತು. ಅಕ್ಕಪಕ್ಕದವರಿಗೆಲ್ಲ "ಮಗ ಮನೆ ರಿಪೇರಿ ಮಾಡಿಸ್ತಿದ್ದಾನೆ" ಎಂದು ಹೇಳಿಕೊಂಡು ಓಡಾಡಿದೆ.

ನಾಚಿಕೆಯ ಸಂಗತಿ ಇನ್ನೊಂದಿದೆ. ನನ್ನ ಹೆಸರಿನಲ್ಲಿ ಐದು ಲಕ್ಷದ ಎಫ್.ಡಿ. ಇತ್ತು. ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿಯಲ್ಲಿ ಶೇಕಡ ಒಂದು ಕಡಿಮೆಯಾಗುತ್ತದಲ್ಲ ಎಂದು ಅದನ್ನು ಮುಟ್ಟಿರಲಿಲ್ಲ. ನನ್ನ ಒಂದು ಪರ್ಸೆಂಟ್ ಉಳಿಸಲು ಮಗ ನ್ಯೂಜೆರ್ಸಿಯ ಹಿಮದಲ್ಲಿ ಕಂಡವರ ಮನೆ ಮೆಟ್ಟಿಲು ಹತ್ತುತ್ತಿದ್ದ.

"ತಪ್ಪು ಅಂತ ಗೊತ್ತಿತ್ತಾ?" ಎಂದೆ. ಗೊತ್ತಿತ್ತಂತೆ. "ಎಷ್ಟೋ ಜನ ಮಾಡ್ತಾರಪ್ಪ. ಯಾರೂ ಕೇಳಲ್ಲ" ಎಂದ.

ಯಾರೂ ಕೇಳಲ್ಲ! ಈ ಮಾತನ್ನು ನಾನೂ ಒಮ್ಮೆ ಆಡಿದ್ದೆ. ನಲವತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯನ್ನು ಆ ರಾತ್ರಿ ಹೇಳಿದೆ.

1983ರಲ್ಲಿ ನಾನು ಶಿವಮೊಗ್ಗದ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಕೈಗೆ ಬರುತ್ತಿದ್ದುದು ಸಾವಿರದ ಚಿಲ್ಲರೆ ರೂಪಾಯಿ. ತಂಗಿಯ ಮದುವೆಯ ಸಾಲವಿತ್ತು. ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ಅಡಿಕೆ ಮಂಡಿಯಲ್ಲಿ ಕಿರ್ದಿ ಬರೆಯಲು ಒಪ್ಪಿಕೊಂಡೆ. ತಿಂಗಳಿಗೆ 150 ರೂಪಾಯಿ. ಮನೆಯಲ್ಲಿ ಹೇಳಿದ್ದು, ಬ್ಯಾಂಕಿನಲ್ಲಿ ಬ್ಯಾಲೆನ್ಸಿಂಗ್ ಕೆಲಸ ಎಂದು. ನಮ್ಮ ನೌಕರರ ಸಂಘಗಳೂ ಬ್ಯಾಂಕುಗಳೂ 1966ರಲ್ಲಿ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದದಲ್ಲೇ ಸ್ಪಷ್ಟವಾಗಿತ್ತು. ಬ್ಯಾಂಕಿನ ಲಿಖಿತ ಅನುಮತಿಯಿಲ್ಲದೆ ಹೊರಗಿನ ವ್ಯಾಪಾರ ವ್ಯವಹಾರದಲ್ಲಿ ತೊಡಗುವುದು ಘೋರ ದುರ್ನಡತೆ. ಕೆಲಸವೇ ಹೋಗಬಹುದು. ನನಗೂ ಗೊತ್ತಿತ್ತು. ಯಾರೂ ಕೇಳಲ್ಲ ಎಂದುಕೊಂಡಿದ್ದೆ.

ಎಂಟು ತಿಂಗಳು ಯಾರೂ ಕೇಳಲಿಲ್ಲ. ಆದರೆ ಆ ಎಂಟು ತಿಂಗಳು ನಾನು ಹೇಗಿದ್ದೆ ಎಂಬುದು ನನಗೆ ಮಾತ್ರ ಗೊತ್ತು. ಮಂಡಿಯ ಮುಂದೆ ಪರಿಚಯದವರು ಹಾದುಹೋದರೆ ಪುಸ್ತಕದ ಹಿಂದೆ ತಲೆ ತಗ್ಗಿಸುತ್ತಿದ್ದೆ. ಬ್ಯಾಂಕಿನಲ್ಲಿ ಇಬ್ಬರು ಪಿಸುಗುಟ್ಟಿದರೆ ನನ್ನ ವಿಷಯವೇ ಅನ್ನಿಸುತ್ತಿತ್ತು. ಒಂದು ದಿನ ಮಂಡಿಯ ಸಾಹುಕಾರರು ಕಾಫಿ ತರಿಸಿಕೊಟ್ಟು, "ನಮ್ಮದೊಂದು ಚೆಕ್ ನಿಮ್ಮ ಬ್ಯಾಂಕಿಗೆ ಬರತ್ತೆ. ಎರಡು ದಿನ ತಡ ಆದ್ರೆ ಅನುಕೂಲ" ಎಂದರು. ಆಗಲ್ಲ ಎನ್ನಲು ನನಗೆ ನಾಲಗೆ ಏಳಲಿಲ್ಲ. ಪುಣ್ಯಕ್ಕೆ ಆ ಚೆಕ್ ನನ್ನ ಟೇಬಲ್ಲಿಗೆ ಬರಲಿಲ್ಲ.

ಅದಾದ ಹದಿನೈದು ದಿನಕ್ಕೆ ಮ್ಯಾನೇಜರು ಕರೆದು ಬಾಗಿಲು ಹಾಕಿಸಿದರು. ನಿವೃತ್ತಿಗೆ ಹತ್ತಿರವಿದ್ದ ಹಿರಿಯರು. ಬೈಯಲಿಲ್ಲ. "ಆ ಮಂಡಿಯವರ ಓ.ಡಿ. ಖಾತೆ ಇರೋದು ನಮ್ಮಲ್ಲೇ. ನಾಳೆ ಅವರ ಲೆಕ್ಕದಲ್ಲಿ ಹೆಚ್ಚುಕಮ್ಮಿ ಆದ್ರೆ ನೀವು ಯಾರ ಕಡೆ ನಿಲ್ತೀರಿ?" ಎಂದರು. ಉತ್ತರವಿರಲಿಲ್ಲ. "ಮೆಮೊ ಕೊಟ್ರೆ ನಿಮ್ಮ ಸರ್ವೀಸ್ ರಿಜಿಸ್ಟರಲ್ಲಿ ಉಳಿಯತ್ತೆ. ನಾಳೆಯಿಂದ ಅಲ್ಲಿಗೆ ಹೋಗಬೇಡಿ" ಎಂದು ಕಳಿಸಿಬಿಟ್ಟರು. ಅಂದು ರಾತ್ರಿ ಎಂಟು ತಿಂಗಳಲ್ಲಿ ಮೊದಲ ಸಲ ನನಗೆ ಒಳ್ಳೆಯ ನಿದ್ದೆ ಬಂತು.

ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ, ಸೋಫಾದ ಮೇಲೆ ಕೂತಿದ್ದ ನನ್ನ ಹೆಂಡತಿ, "ನನಗೆ ಗೊತ್ತಿತ್ತು" ಎಂದಳು.

"ಏನು ಗೊತ್ತಿತ್ತು?"

"ನಿಮ್ಮ ಅಂಗಿ ಒಗೀತಿದ್ದೋಳು ನಾನೇ ಅಲ್ವೇನ್ರೀ? ಬ್ಯಾಂಕಲ್ಲಿ ಅಡಿಕೆ ವಾಸನೆ ಎಲ್ಲಿಂದ ಬರ್ಬೇಕು?"

ಮಗ ಸೊಸೆ ಇಬ್ಬರೂ ನಕ್ಕುಬಿಟ್ಟರು. ನಗುನಗುತ್ತಲೇ ಮಗನ ಕಣ್ಣಲ್ಲಿ ನೀರು ಬಂತು. ಅಂದು ರಾತ್ರಿಯೇ ಅವನು ಆ ಊಟದ ಕಂಪನಿಯ ಖಾತೆಯನ್ನು ಮುಚ್ಚಿದ.

ಮರುದಿನ ವಲಸೆ ಕಾನೂನಿನ ವಕೀಲರೊಬ್ಬರ ಜೊತೆ ಮಾತಾಡಲು ಸಮಯ ಗೊತ್ತುಮಾಡಿಕೊಂಡೆವು. ನಾನೂ ಪಕ್ಕದಲ್ಲಿ ಕೂತಿದ್ದೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತಿರುವುದು, ಈ ಪತ್ರಿಕೆ ಓದುವ ಎಷ್ಟೋ ಮನೆಗಳ ಮಕ್ಕಳು ಹೊರದೇಶದಲ್ಲಿದ್ದಾರೆಂಬ ಕಾರಣಕ್ಕೆ.

ಮೊದಲನೆಯದು, ಅಮೆರಿಕದ ಕಾನೂನು ಎಚ್-1ಬಿಯವರಿಗೆ ಎರಡನೇ ಕೆಲಸವೇ ಬೇಡ ಎನ್ನುವುದಿಲ್ಲ. ಕಾಗದವಿಲ್ಲದ ಎರಡನೇ ಕೆಲಸ ಬೇಡ ಎನ್ನುತ್ತದೆ. ಉದಾಹರಣೆಗೆ, ಎಂಜಿನಿಯರ್ ಒಬ್ಬರನ್ನು ಯಾವುದೋ ಕಾಲೇಜು ಸಂಜೆ ಪಾಠಕ್ಕೆ ಕರೆದರೆ, ಆ ಕಾಲೇಜು ತನ್ನ ಕಡೆಯಿಂದ ಪ್ರತ್ಯೇಕ ಎಚ್-1ಬಿ ಅರ್ಜಿ ಹಾಕಬೇಕು. ಕೆಲವೇ ಗಂಟೆಗಳ ಕೆಲಸವಾದರೂ ಆದೀತು. ಈಗಾಗಲೇ ವೀಸಾ ಕೋಟಾದಲ್ಲಿ ಲೆಕ್ಕಕ್ಕೆ ಬಂದವರು ಮತ್ತೆ ಲಾಟರಿಗೆ ನಿಲ್ಲಬೇಕಾಗಿಲ್ಲ. ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಆ ಕೋಟಾದ ಲಾಟರಿಯನ್ನು ಒಮ್ಮೆ ದಾಟಿದರೆ ಸಾಕು. ಆದರೆ ಎರಡನೆಯದೂ ಪದವಿ ಬೇಕಾಗುವ ಪರಿಣತಿಯ ಕೆಲಸವೇ ಆಗಿರಬೇಕು. ಪಿಜ್ಜಾ ತಲುಪಿಸಲು ಪದವಿ ಬೇಕಿಲ್ಲವಾದ್ದರಿಂದ ಅದಕ್ಕೆ ಈ ದಾರಿಯೂ ಇಲ್ಲ. ಬ್ಯಾಂಕಿನ ಬಡ್ಡಿ, ಷೇರಿನ ಲಾಭಾಂಶಕ್ಕೆ ಅಡ್ಡಿಯಿಲ್ಲ, ಏಕೆಂದರೆ ಅಲ್ಲಿ ದುಡಿಯುವುದು ಹಣ, ಮನುಷ್ಯನಲ್ಲ.

ಎರಡನೆಯದು, ಬಂದ ಆದಾಯವನ್ನು ಮುಚ್ಚಿಡಬಾರದು. "ಈ 3,180 ಡಾಲರ್ ತೋರಿಸದೆ ಬಿಟ್ಟರೆ?" ಎಂದು ಮಗ ಕೇಳಿದ. ಆ ನಮೂನೆಯ ಒಂದು ಪ್ರತಿ ಆಗಲೇ ತೆರಿಗೆ ಇಲಾಖೆಗೆ ಹೋಗಿರುತ್ತದೆ, ಈಗ ಇರುವುದು ಒಂದು ತಪ್ಪು, ಮುಚ್ಚಿಟ್ಟರೆ ಎರಡಾಗುತ್ತದೆ ಎಂದರು ವಕೀಲರು. ಇದು ನನಗೆ ಬಹಳ ಹಿಡಿಸಿತು. ಬ್ಯಾಂಕಿನಲ್ಲೂ ತಪ್ಪು ಎಂಟ್ರಿಯನ್ನು ಕೆರೆದು ಅಳಿಸುವಂತಿರಲಿಲ್ಲ. ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು.

ಮೂರನೆಯದು, ದಿನಗಳ ಲೆಕ್ಕ. ಮುಂದೆ ಗ್ರೀನ್ ಕಾರ್ಡಿನ ಕೊನೆಯ ಅರ್ಜಿ ಹಾಕುವಾಗ, ಅನುಮತಿಯಿಲ್ಲದೆ ದುಡಿದದ್ದುಂಟೇ ಎಂಬ ಪ್ರಶ್ನೆಗೆ ನಿಜ ಹೇಳಬೇಕು. ಉದ್ಯೋಗದ ಮೂಲಕ ಅರ್ಜಿ ಹಾಕುವವರಿಗೆ, ಇಂಥ ತಪ್ಪುಗಳು ಒಟ್ಟು 180 ದಿನ ಮೀರದಿದ್ದರೆ ಕಾನೂನಿನಲ್ಲಿ ಒಂದು ರಿಯಾಯಿತಿಯಿದೆ. ಆದರೆ ಎಣಿಸುವಾಗ ವಾರಕ್ಕೆ ಎರಡೇ ದಿನ ದುಡಿದೆ ಎನ್ನುವಂತಿಲ್ಲ. ಶುರುಮಾಡಿದ ದಿನದಿಂದ ನಿಲ್ಲಿಸಿದ ದಿನದವರೆಗೆ ನಡುವಿನ ಎಲ್ಲ ದಿನಗಳನ್ನೂ ಎಣಿಸುತ್ತಾರೆ.

ಪೆನ್ನು ತೆಗೆದೆ. ಅಕ್ಟೋಬರ್ 31, ನವೆಂಬರ್ 30, ಡಿಸೆಂಬರ್ 31, ಜನವರಿ 31. ಒಟ್ಟು 123. ಬಡ್ಡಿ ಹಾಕಲು ಸಾವಿರಾರು ಸಲ ದಿನ ಎಣಿಸಿದ್ದೇನೆ. ಅಷ್ಟು ಕೈ ನಡುಗಿ ಎಣಿಸಿದ್ದು ಅದೊಂದೇ ಸಲ. ಇನ್ನು 57 ದಿನ ಕಳೆದಿದ್ದರೆ ಆ ಬಾಗಿಲೂ ಮುಚ್ಚುತ್ತಿತ್ತು. "ಹಾಗಂತ ಎಲ್ಲ ಸರಿಹೋಯಿತು ಅಂತ ನಾನು ಗ್ಯಾರಂಟಿ ಕೊಡಲಾರೆ. ವೀಸಾ ವಿಸ್ತರಣೆಯ ಸಮಯದಲ್ಲೂ ಇದು ಅಡ್ಡ ಬರಬಹುದು" ಎಂದೇ ವಕೀಲರು ಮಾತು ಮುಗಿಸಿದರು.

ಅದು ಎಂಥ ಚಳಿಗಾಲ ಎಂಬುದನ್ನೂ ಹೇಳಬೇಕು. ದೊಡ್ಡ ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಮನೆಗೆ ಕಳಿಸುತ್ತಿದ್ದವು. ಎಚ್-1ಬಿಯವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಬೇರೆ ಕಂಪನಿ ಅರ್ಜಿ ಹಾಕದಿದ್ದರೆ, ಬೇರೆ ವೀಸಾಕ್ಕೂ ಬದಲಾಯಿಸಿಕೊಳ್ಳದಿದ್ದರೆ, ಗಂಟುಮೂಟೆ ಕಟ್ಟಬೇಕು. ಕೈಯಲ್ಲಿ ಹೆಚ್ಚುವರಿ ಕಾಸಿರಲಿ ಎಂದು ಮಕ್ಕಳು ಎರಡನೇ ದುಡಿಮೆ ಹುಡುಕುವುದು ದುರಾಸೆಯಿಂದಲ್ಲ. ಭಯದಿಂದ. ಆದರೆ ಭಯಕ್ಕೆ ಮಾಡಿದ ಆ ದುಡಿಮೆಯೇ ಇನ್ನೂ ದೊಡ್ಡ ಭಯವಾಗಿ ಕೂರುತ್ತದೆ.

ಎಲ್ಲ ದೇಶದಲ್ಲೂ ನಿಯಮ ಹೀಗೇ ಇಲ್ಲ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದವರು ಮುಖ್ಯ ಕೆಲಸ ಬಿಡದೆ, ಕೆಲವು ಷರತ್ತುಗಳಿಗೆ ಒಳಪಟ್ಟು, ವಾರಕ್ಕೆ 20 ಗಂಟೆಯವರೆಗೆ ಬೇರೆ ಕೆಲಸವನ್ನೂ ಮಾಡಬಹುದು. ಆದ್ದರಿಂದ ಲಂಡನ್ನಿನಲ್ಲಿರುವ ಭಾವನ ಮಗಳು ಮಾಡುತ್ತಾಳಲ್ಲ ಎಂದು ಅಮೆರಿಕದ ಹುಡುಗ ಮಾಡಲು ಹೋದರೆ ಕೆಟ್ಟಂತೆ.

ಇನ್ನೊಂದು ವಿಚಿತ್ರ ಕೇಳಿ. ಮಗನ ಗ್ರೀನ್ ಕಾರ್ಡಿನ ದಾರಿಯಲ್ಲಿ ಐ-140 ಎಂಬ ಹಂತ ಕೆಲವು ವರ್ಷಗಳ ಹಿಂದೆಯೇ ಒಪ್ಪಿಗೆಯಾಗಿತ್ತು. ಭಾರತೀಯರ ಸರದಿ ಉದ್ದವಿರುವುದರಿಂದ ಕಾಯುತ್ತ ಕೂತಿದ್ದಾನೆ. ಹೀಗೆ ಕಾಯುವವರ ಹೆಂಡತಿ ಅಥವಾ ಗಂಡನಿಗೆ, ಎಚ್-4 ವೀಸಾದಲ್ಲಿದ್ದರೂ, ದುಡಿಯುವ ಕಾರ್ಡು ಕೊಡುವ ನಿಯಮ 2015ರ ಮೇ ತಿಂಗಳಿನಿಂದ ಇದೆ. ಆ ಕಾರ್ಡಿಗೆ ಯಾವ ಕಂಪನಿಯ ಹಂಗೂ ಇಲ್ಲ. ಒಂದಲ್ಲ, ಎರಡು ಕೆಲಸ ಮಾಡಬಹುದು. ಸ್ವಂತ ಅಂಗಡಿ ಇಡಬಹುದು. ಸೊಸೆಯ ಹತ್ತಿರ ಆ ಕಾರ್ಡು ಇತ್ತು! ಮಗು ಸಣ್ಣದೆಂದು ಅವಳು ಮನೆಯಲ್ಲಿದ್ದಳು. ಅಂದರೆ ಒಂದೇ ಸೂರಿನಡಿ, ಪಿಜ್ಜಾ ಹಂಚಲು ಹಕ್ಕಿದ್ದವಳು ಮನೆಯಲ್ಲಿ, ಹಕ್ಕಿಲ್ಲದವನು ರಸ್ತೆಯಲ್ಲಿ.

"ಹಾಗಾದ್ರೆ ಇವಳ ಹೆಸರಲ್ಲಿ ಖಾತೆ ಮಾಡಿ ನಾನೇ ಓಡಿಸಿದ್ರೆ?" ಎಂದ ಮಗ.

"ಅದಕ್ಕೆ ಬ್ಯಾಂಕಲ್ಲಿ ನಾವು ಬೇನಾಮಿ ಅಂತಿದ್ವಿ" ಎಂದೆ. ಅಲ್ಲಿಗೆ ಆ ಮಾತು ನಿಂತಿತು.

ಸೊಸೆ ಎಂ.ಎಸ್ಸಿ. ಗಣಿತ. ನಾವಿದ್ದ ಮೂರು ತಿಂಗಳು ಮೊಮ್ಮಗನನ್ನು ನಾವು ನೋಡಿಕೊಂಡೆವು. ಅವಳು ಅಕ್ಕಪಕ್ಕದ ನಾಲ್ಕು ಮಕ್ಕಳಿಗೆ ಪಾಠ ಶುರುಮಾಡಿದಳು. ಈಗ ಹನ್ನೊಂದು ಮಕ್ಕಳಿದ್ದಾರೆ. ಶನಿವಾರ, ಭಾನುವಾರ ಸಂಜೆ ಅವಳು ಪಾಠ ಮಾಡುವಾಗ ಮಗ ಅಡುಗೆ ಮಾಡಿ ಮಗುವನ್ನು ನೋಡಿಕೊಳ್ಳುತ್ತಾನೆ. ಅದಕ್ಕೆ ಯಾವ ಸರ್ಕಾರದ ಅನುಮತಿಯೂ ಬೇಡ.

ನಾನು ಊರಿಗೆ ಬಂದ ಮರುವಾರ ಬ್ಯಾಂಕಿಗೆ ಹೋಗಿ ಎಫ್.ಡಿ. ಮುರಿಸಿದೆ. ಕೌಂಟರಿನ ಹುಡುಗಿ, "ಸರ್, ಇನ್ನು ಐದೇ ತಿಂಗಳಿದೆ, ಬಡ್ಡಿ ಕಡಿಮೆ ಆಗತ್ತೆ" ಎಂದಳು. ಆಗಲಿ ಎಂದೆ. ಮೂರೂವರೆ ಲಕ್ಷ ವಾಪಸು ಕಳಿಸಿದಾಗ ಮಗ ಫೋನಿನಲ್ಲಿ ಕೂಗಾಡಿದ. "ಕೊಟ್ಟಿದ್ದನ್ನ ವಾಪಸ್ ಕೊಡ್ತಾರಾ ಅಪ್ಪ?" ಎಂದ. ಕ್ರೆಡಿಟ್ ಕಾರ್ಡಿಗೆ ಕಟ್ಟು, ರಸೀದಿ ನನಗೆ ಕಳಿಸು ಎಂದೆ. ಕಟ್ಟಿದ. ಕಳಿಸಿದ. ಫೈಲಿನಲ್ಲಿದೆ.

ತೆರಿಗೆಯ ಲೆಕ್ಕವನ್ನೂ ಆಮೇಲೆ ನೋಡಿದೆ. ಸ್ವತಂತ್ರ ದುಡಿಮೆಯ ನಿವ್ವಳ ಆದಾಯದ ಮೇಲೆ ಶೇಕಡ 15.3ರ ಒಂದು ತೆರಿಗೆ, ಅದರ ಮೇಲೆ ಆದಾಯ ತೆರಿಗೆ ಬೇರೆ. ಪೆಟ್ರೋಲು, ತೆರಿಗೆ, ವಕೀಲರ ಶುಲ್ಕ ಎಲ್ಲ ಕಳೆದ ಮೇಲೆ ಆ ನಾಲ್ಕು ತಿಂಗಳ ರಾತ್ರಿಗಳಿಂದ ಹೆಚ್ಚೇನೂ ಉಳಿದಿರಲಿಲ್ಲ. ಮಂಡಿಯ ನನ್ನ 150 ರೂಪಾಯಿಗಳೂ ಹೀಗೇ ಎಲ್ಲಿ ಹೋದವೋ ನೆನಪಿಲ್ಲ. ನೆನಪಿರುವುದು ತಲೆ ತಗ್ಗಿಸಿ ಕೂತದ್ದು ಮಾತ್ರ.

ಮಗನ ವೀಸಾ ವಿಸ್ತರಣೆಯ ಸರದಿ ಬಂದಾಗ ನಾವಿಬ್ಬರೂ ಇಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಅದು ಆಯಿತು. ದೊಡ್ಡ ಅರ್ಜಿ ಇನ್ನೂ ಬಾಕಿಯಿದೆ. ಅಲ್ಲಿ ಅವನು ನಿಜವನ್ನೇ ಬರೆಯಬೇಕು, ಬಂದದ್ದನ್ನು ಎದುರಿಸಬೇಕು. ಬರೆಯುತ್ತೇನೆ ಎಂದು ಹೇಳಿದ್ದಾನೆ. ಅವನ ಮೇಲೆ ನನಗೆ ನಂಬಿಕೆಯಿದೆ.

ಹೊರದೇಶದಲ್ಲಿ ಮಕ್ಕಳಿರುವ ನನ್ನ ಓರಗೆಯವರಿಗೆ ಒಂದೇ ಮಾತು. ಎಷ್ಟು ಸಂಬಳ, ಯಾವಾಗ ಮನೆ ಕೊಳ್ಳುತ್ತೀರಿ ಎಂದು ಕೇಳುವ ಬಾಯಲ್ಲೇ, ಸಾಲ ಎಷ್ಟಿದೆ, ನಿದ್ದೆ ಬರುತ್ತಾ ಎಂದೂ ಕೇಳೋಣ. ನಮ್ಮ ಮನೆ ಸೋರಿದರೆ, ಕೈಯಲ್ಲಿ ಕಾಸಿದ್ದರೆ, ನಾವೇ ಸರಿಮಾಡಿಸೋಣ. ಇಲ್ಲದಿದ್ದರೆ ಬಾಯಿಬಿಟ್ಟು ಕೇಳೋಣ, ಅವರಿಗೆ ಇಲ್ಲ ಎನ್ನಲು ಅವಕಾಶವನ್ನಾದರೂ ಕೊಟ್ಟಂತಾಗುತ್ತದೆ.

ಹೋದ ಭಾನುವಾರ ಮೊಮ್ಮಗ ವಿಡಿಯೋ ಕಾಲಿನಲ್ಲಿ ಸಿಕ್ಕಿದ್ದ. "ಈಗ ಅಪ್ಪನ ಕಾರಲ್ಲಿ ಏನು ವಾಸನೆ ಬರತ್ತೆ?" ಎಂದು ಕೇಳಿದೆ.

ಸ್ವಲ್ಪ ಯೋಚಿಸಿ, "ನನ್ನ ಸಾಕ್ಸ್ ವಾಸನೆ ಅಜ್ಜ" ಎಂದ.